ಫ್ರಾಂಕ್‌ಫರ್ಟ್‌ನಿಂದ ಲಿಸ್ಬನ್‌ಗೆ ಎಷ್ಟು ದೂರ, ಎಷ್ಟು ಹೊತ್ತು? ನೀವೇ ಲೆಕ್ಕ ಹಾಕುವ ಬಗೆ

ನನ್ನ ಅಣ್ಣನ ಮಗಳು ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಓದುತ್ತಿದ್ದಾಳೆ. ರಜೆಗೆ ಪೋರ್ಚುಗಲ್‌ನ ಲಿಸ್ಬನ್‌ಗೆ ಹೋಗಲು ಟಿಕೆಟ್ ಮಾಡಿಸಿ, ಅದರ ಫೋಟೋ ನನಗೆ ಕಳಿಸಿದ್ದಳು. ಹೋಗುವಾಗ 13:00ಕ್ಕೆ ಹೊರಟು 15:05ಕ್ಕೆ ತಲುಪುವುದು. ಬರುವಾಗ 13:00ಕ್ಕೆ ಹೊರಟು 16:55ಕ್ಕೆ. ಕೆಳಗೆ ಒಂದು ಪ್ರಶ್ನೆ: "ಚಿಕ್ಕಪ್ಪಾ, ಹೋಗೋಕೆ ಎರಡು ಗಂಟೆ, ಬರೋಕೆ ನಾಲ್ಕು ಗಂಟೆ. ಬರುವಾಗ ವಿಮಾನ ಸುತ್ತಿ ಬರತ್ತಾ?"

ಸುತ್ತಿ ಬರುವುದಿಲ್ಲ. ನಿಜ ಹೇಳಬೇಕೆಂದರೆ ಬರುವಾಗಲೇ ಬೇಗ ಬರುತ್ತದೆ. ಅವಳು ನೋಡಿದ್ದು ಗಡಿಯಾರದ ಹೊತ್ತು. ವಿಮಾನದಲ್ಲಿ ಕೂತಿರುವ ಹೊತ್ತು ಬೇರೆ, ಆಕಾಶದಲ್ಲಿ ಇರುವ ಹೊತ್ತು ಇನ್ನೊಂದು, ಮನೆ ಬಾಗಿಲಿಂದ ಹೋಟೆಲ್ ಬಾಗಿಲಿಗೆ ಆಗುವ ಹೊತ್ತು ಮತ್ತೊಂದು. "ಎಷ್ಟು ಹೊತ್ತಾಗುತ್ತದೆ" ಎಂದು ಕೇಳಿದಾಗ ಈ ನಾಲ್ಕರಲ್ಲಿ ಯಾವುದನ್ನು ಕೇಳುತ್ತಿದ್ದೇವೆ ಅಂತ ಗೊತ್ತಿರಬೇಕು. ಅವಳಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಯೂರೋಪಿನ ಯಾವ ಎರಡು ಊರಿಗಾದರೂ ಇದೇ ಲೆಕ್ಕ ನಡೆಯುತ್ತದೆ.

ಮೊದಲು ನಿಲ್ದಾಣ ಯಾವುದು ಅಂತ ನೋಡಿ

ಇದು ಸಣ್ಣ ಹೆಜ್ಜೆ, ಆದರೆ ಇಲ್ಲಿ ಎಡವಿದರೆ ಮುಂದಿನದೆಲ್ಲ ತಪ್ಪು. ಟಿಕೆಟ್ ಮೇಲೆ ಮೂರಕ್ಷರದ ಕೋಡ್ ಇರುತ್ತದೆ. ಫ್ರಾಂಕ್‌ಫರ್ಟ್‌ನ ದೊಡ್ಡ ನಿಲ್ದಾಣ ಎಫ್‌ಆರ್‌ಎ, ಲಿಸ್ಬನ್‌ದು ಎಲ್‌ಐಎಸ್. ಎಚ್‌ಎಚ್‌ಎನ್ ಅಂತ ಇದ್ದರೆ ಅದು ಫ್ರಾಂಕ್‌ಫರ್ಟ್-ಹಾನ್. ಹೆಸರಲ್ಲಿ ಫ್ರಾಂಕ್‌ಫರ್ಟ್ ಇದ್ದರೂ ಊರಿನಿಂದ ಸುಮಾರು 120 ಕಿಲೋಮೀಟರ್ ದೂರ. ಕಡಿಮೆ ದರದ ವಿಮಾನಗಳಲ್ಲಿ ಈ ಆಟ ಜಾಸ್ತಿ. "ಪ್ಯಾರಿಸ್" ಅಂತ ಬೋವೆಯಲ್ಲಿ ಇಳಿಸುತ್ತಾರೆ, "ಮ್ಯೂನಿಕ್ ವೆಸ್ಟ್" ಅಂತ ಮೆಮಿಂಗನ್‌ನಲ್ಲಿ. ಮೈಸೂರಿಗೆ ಅಂತ ಹೊರಟವರನ್ನು ಚನ್ನಪಟ್ಟಣದಲ್ಲಿ ಇಳಿಸಿದ ಹಾಗೆ.

ನೇರ ದೂರ

ಬೇಗ ಉತ್ತರ ಬೇಕಿದ್ದರೆ ಗ್ರೇಟ್ ಸರ್ಕಲ್ ಮ್ಯಾಪರ್ ಎಂಬ ತಾಣದಲ್ಲಿ ಎರಡು ಕೋಡ್‌ಗಳನ್ನು ನಡುವೆ ಒಂದು ಅಡ್ಡಗೆರೆ ಹಾಕಿ ಬರೆಯಿರಿ, ಸಾಕು. ಕಂಪ್ಯೂಟರ್‌ನಲ್ಲಿ ಗೂಗಲ್ ಮ್ಯಾಪ್ಸ್ ತೆರೆದು, ಮೌಸ್‌ನ ಬಲಗುಂಡಿ ಒತ್ತಿ, ದೂರ ಅಳೆಯುವ ಆಯ್ಕೆ ತೆಗೆದುಕೊಂಡರೂ ಆಗುತ್ತದೆ. ಫ್ರಾಂಕ್‌ಫರ್ಟ್–ಲಿಸ್ಬನ್‌ಗೆ ಸಿಗುವ ಉತ್ತರ ಸುಮಾರು 1,875 ಕಿಲೋಮೀಟರ್.

ಒಂದು ತಾಣ 1,875 ಅನ್ನುತ್ತದೆ, ಇನ್ನೊಂದು 1,165, ಮತ್ತೊಂದು 1,012. ಮೂರೂ ಸರಿ. ಮೊದಲನೆಯದು ಕಿಲೋಮೀಟರ್, ಎರಡನೆಯದು ನೆಲದ ಮೈಲಿ, ಮೂರನೆಯದು ನಾಟಿಕಲ್ ಮೈಲಿ. ನೆಲದ ಮೈಲಿ ಅಂದರೆ 1.609 ಕಿಲೋಮೀಟರ್, ನಾಟಿಕಲ್ ಮೈಲಿ ಅಂದರೆ 1.852. ಪೈಲಟ್‌ಗಳು ಮಾತಾಡುವುದು ನಾಟಿಕಲ್ ಮೈಲಿಯಲ್ಲೇ.

ಈಗ ಕೈಲೆಕ್ಕ. ಸುಮ್ನೆ ಗುಂಡಿ ಒತ್ತಿ ಬಂದ ಸಂಖ್ಯೆಗಿಂತ ಒಮ್ಮೆ ನಾವೇ ಹಾಕಿದ ಲೆಕ್ಕ ಚೆನ್ನಾಗಿ ನೆನಪಿರುತ್ತದೆ. ಹೈಸ್ಕೂಲಿನ ಪೈಥಾಗರಸ್ ಪ್ರಮೇಯ ನೆನಪಿದ್ದರೆ ಆಯಿತು.

ಫ್ರಾಂಕ್‌ಫರ್ಟ್ ನಿಲ್ದಾಣ ಇರುವುದು 50.03 ಡಿಗ್ರಿ ಉತ್ತರ ಅಕ್ಷಾಂಶ, 8.57 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಲಿಸ್ಬನ್ ನಿಲ್ದಾಣ 38.77 ಡಿಗ್ರಿ ಉತ್ತರ, 9.13 ಡಿಗ್ರಿ ಪಶ್ಚಿಮ.

ಅಕ್ಷಾಂಶದ ವ್ಯತ್ಯಾಸ 11.26 ಡಿಗ್ರಿ. ಒಂದು ಡಿಗ್ರಿ ಅಕ್ಷಾಂಶ ಅಂದರೆ ಎಲ್ಲಿದ್ದರೂ ಸುಮಾರು 111 ಕಿಲೋಮೀಟರ್. ಹಾಗಾಗಿ ಉತ್ತರ–ದಕ್ಷಿಣದ ದೂರ 1,250 ಕಿಲೋಮೀಟರ್.

ರೇಖಾಂಶದಲ್ಲಿ ಎಡವುವ ಜಾಗ ಒಂದಿದೆ. ಒಂದು ಊರು ಗ್ರೀನಿಚ್‌ನ ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ಹಾಗಿದ್ದಾಗ ಕೂಡಬೇಕು, ಕಳೆಯಬಾರದು. ಮೊದಲ ಸಲ ನಾನು ಕಳೆದಿದ್ದೆ. 0.56 ಡಿಗ್ರಿ ಬಂತು, ಎಂಥ ಸುಲಭ ಅಂತ ಖುಷಿಪಟ್ಟೆ. ಆ ಲೆಕ್ಕದ ಪ್ರಕಾರ ಹಾರಿದ್ದರೆ ವಿಮಾನ ನೇರ ದಕ್ಷಿಣಕ್ಕೆ ಹೋಗಿ ಸಾರ್ಡೀನಿಯಾ ದ್ವೀಪದ ತುದಿಯಾಚೆ ಸಮುದ್ರದ ಮೇಲೆ ಇರುತ್ತಿತ್ತು! ಸರಿಯಾದ ಲೆಕ್ಕ 8.57 ಮತ್ತು 9.13 ಕೂಡಿದರೆ 17.70 ಡಿಗ್ರಿ.

ರೇಖಾಂಶದ ಡಿಗ್ರಿ ಎಲ್ಲ ಕಡೆ ಒಂದೇ ಅಗಲ ಇರುವುದಿಲ್ಲ. ಸುಲಿದ ಕಿತ್ತಳೆ ನೆನೆಸಿಕೊಳ್ಳಿ. ತೊಳೆಗಳು ನಡುವಲ್ಲಿ ದಪ್ಪ, ತುದಿಗೆ ಹೋದಂತೆ ಸಣ್ಣ. ಬೆಂಗಳೂರಿನ ಹತ್ತಿರ ಒಂದು ಡಿಗ್ರಿ ರೇಖಾಂಶ ಸುಮಾರು 108 ಕಿಲೋಮೀಟರ್, ಲಿಸ್ಬನ್ ಹತ್ತಿರ 86, ಫ್ರಾಂಕ್‌ಫರ್ಟ್ ಹತ್ತಿರ ಬರೀ 71. ನಮ್ಮ ಎರಡು ಊರಿಗೆ ನಡುವಿನ ಅಕ್ಷಾಂಶ 44.4 ಡಿಗ್ರಿ. ಅಲ್ಲಿ ಡಿಗ್ರಿ ಎಷ್ಟು ಸಣ್ಣದಾಗಿದೆ ಅಂತ ಹೇಳುವುದು ಅದರ ಕೊಸೈನ್, ಅಂದರೆ 0.714. ಮೊಬೈಲಿನ ಕ್ಯಾಲ್ಕ್ಯುಲೇಟರ್ ಅಡ್ಡ ತಿರುಗಿಸಿದರೆ ಕೊಸೈನ್ ಗುಂಡಿ ಕಾಣುತ್ತದೆ. 17.70 ಗುಣಿಸು 111 ಗುಣಿಸು 0.714, ಅಂದರೆ 1,403 ಕಿಲೋಮೀಟರ್.

1,250ರ ವರ್ಗ, 1,403ರ ವರ್ಗ, ಎರಡನ್ನೂ ಕೂಡಿ ವರ್ಗಮೂಲ ತೆಗೆಯಿರಿ. ಸುಮಾರು 1,880 ಬರುತ್ತದೆ. ತಾಣದ ಉತ್ತರಕ್ಕೂ ನಮ್ಮದಕ್ಕೂ ಐದಾರು ಕಿಲೋಮೀಟರ್ ವ್ಯತ್ಯಾಸ. ಭೂಮಿಯನ್ನು ಚಪ್ಪಟೆ ಅಂದುಕೊಂಡು ಮಾಡಿದ ಲೆಕ್ಕಕ್ಕೆ ಇಷ್ಟು ಹತ್ತಿರ ಬಂದರೆ ಸಾಕಲ್ವಾ?

ಆದರೆ ಈ ಚಪ್ಪಟೆ ಲೆಕ್ಕ ಯೂರೋಪಿನೊಳಗೆ ಮಾತ್ರ ಸರಿ. ಖಂಡ ದಾಟುವ ದೂರಕ್ಕೆ ಬಳಸಬೇಡಿ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂದ ಏರ್ ಇಂಡಿಯಾದ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲಿಂದ ಬಂದಿತ್ತು. ಗೋಡೆಯ ನಕಾಶೆಯಲ್ಲಿ ಸ್ಕೇಲ್ ಇಟ್ಟು ನೋಡಿದವರಿಗೆ ಅದು ಹುಚ್ಚು ದಾರಿ ಅನ್ನಿಸುತ್ತದೆ. ಗೋಲದ ಮೇಲೆ ದಾರ ಎಳೆದು ನೋಡಿದವರಿಗೆ ಮಾತ್ರ ಅದೇ ಹತ್ತಿರದ ದಾರಿ ಅಂತ ಗೊತ್ತಾಗುತ್ತದೆ.

ದಾರದ ಮೇಲೆ ವಿಮಾನ ಹಾರುವುದಿಲ್ಲ

1,875 ಅನ್ನುವುದು ದಾರ ಬಿಗಿಯಾಗಿ ಎಳೆದ ದೂರ. ಆ ದಾರದ ನಟ್ಟನಡು ಬೀಳುವುದು ಫ್ರಾನ್ಸಿನ ಅಟ್ಲಾಂಟಿಕ್ ತೀರದಲ್ಲಿ, ಬೋರ್ಡೋ ಊರಿನ ಪಶ್ಚಿಮಕ್ಕಿರುವ ಅರ್ಕಾಶೋನ್ ಕೊಲ್ಲಿಯ ಹತ್ತಿರ. ಅಲ್ಲಿಂದ ಮುಂದೆ ಬಿಸ್ಕೆ ಕೊಲ್ಲಿ, ಆಮೇಲೆ ಸ್ಪೇನಿನ ಉತ್ತರ ಕರಾವಳಿ, ಒಣ ಪ್ರಸ್ಥಭೂಮಿ, ಪೋರ್ಚುಗಲ್. ಹೋಗುವಾಗ ಎಡಗಡೆ ಕಿಟಕಿ ಸಿಕ್ಕಿ, ಮೋಡ ಇಲ್ಲದಿದ್ದರೆ ದೂರದಲ್ಲಿ ಪಿರೆನೀಸ್ ಬೆಟ್ಟಸಾಲು ಕಾಣಬಹುದು. ದುಡ್ಡು ಕೊಡದೆ ಎಡಗಡೆ ಸೀಟ್ ಸಿಗುವ ಹಾಗಿದ್ದರೆ ಬಿಡಬೇಡಿ.

ನಿಜವಾದ ದಾರಿ ಇದಕ್ಕಿಂತ ಸ್ವಲ್ಪ ಉದ್ದ. ಗಾಳಿ ಯಾವ ಕಡೆ ಇದೆಯೋ ಆ ಕಡೆಯ ರನ್‌ವೇಯಿಂದ ಏರಬೇಕು, ಆಮೇಲೆ ತಿರುಗಬೇಕು. ಸೇನೆಯವರಿಗೆ ಮೀಸಲಾದ ಆಕಾಶವನ್ನು ಬಿಟ್ಟು ಸುತ್ತಿ ಹೋಗಬೇಕು. ಇಳಿಯುವಾಗ ಸಾಲಲ್ಲಿ ಕಾಯಬೇಕು. ನಾನು ನೇರ ದೂರಕ್ಕೆ ನೂರಕ್ಕೆ ನಾಲ್ಕು ಸೇರಿಸಿಕೊಳ್ಳುತ್ತೇನೆ. 1,875 ಆಗ 1,950 ಆಗುತ್ತದೆ.

ಕೆಲವು ದಾರಿಗಳಿಗೆ ನಾಲ್ಕು ಸಾಲದು. ಹೆಲ್ಸಿಂಕಿಯಿಂದ ಇಸ್ತಾಂಬುಲ್‌ಗೆ ದಾರ ಎಳೆದರೆ ಅದು ಬೆಲಾರಸ್, ಉಕ್ರೇನ್ ಮೇಲೆ ಹಾದುಹೋಗುತ್ತದೆ. 2022ರ ಫೆಬ್ರವರಿಯಲ್ಲಿ ಯುದ್ಧ ಶುರುವಾದಾಗ ಉಕ್ರೇನಿನ ಆಕಾಶ ನಾಗರಿಕ ವಿಮಾನಗಳಿಗೆ ಮುಚ್ಚಿಹೋಯಿತು. ವಿಮಾನಗಳು ಪಶ್ಚಿಮಕ್ಕೆ ಸರಿದು ಪೋಲೆಂಡ್ ಕಡೆಯಿಂದ ಬಳಸಿ ಹೋಗಬೇಕಾಯಿತು. ಅಂಥ ಕಡೆ ದಾರದ ಲೆಕ್ಕ ಬಿಟ್ಟು ಫ್ಲೈಟ್‌ರೇಡಾರ್24 ಎಂಬ ತಾಣದಲ್ಲಿ ವಿಮಾನ ನಿಜವಾಗಿ ಹೋದ ಗೆರೆಯನ್ನೇ ನೋಡಿ.

ಕಿಲೋಮೀಟರನ್ನು ಗಂಟೆಗೆ ತಿರುಗಿಸುವುದು

ಯೂರೋಪಿನೊಳಗೆ ಹೆಚ್ಚಾಗಿ ಹಾರುವುದು ಏರ್‌ಬಸ್ 320 ಅಥವಾ ಬೋಯಿಂಗ್ 737ರ ಕುಟುಂಬದ ವಿಮಾನ. ಮೇಲೆ ಹೋದ ಮೇಲೆ ಅವುಗಳ ವೇಗ ಗಂಟೆಗೆ ಸುಮಾರು 830 ಕಿಲೋಮೀಟರ್. ಇದು ಗಾಳಿಯ ಜೊತೆ ಹೋಲಿಸಿದ ವೇಗ. ಆ ಗಾಳಿ ತಾನೂ ಹರಿಯುತ್ತಿರುತ್ತದೆ.

ಹೊಳೆಯಲ್ಲಿ ದೋಣಿ ಹುಟ್ಟು ಹಾಕಿದವರಿಗೆ ಇದನ್ನು ವಿವರಿಸಬೇಕಿಲ್ಲ. ಯೂರೋಪಿನ ಮೇಲೆ, 9ರಿಂದ 12 ಕಿಲೋಮೀಟರ್ ಎತ್ತರದಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಅದರಲ್ಲಿ ಕಿರಿದಾಗಿ, ರಭಸವಾಗಿ ಹರಿಯುವ ಪಟ್ಟಿಯೇ ಜೆಟ್ ಸ್ಟ್ರೀಮ್. ಚಳಿಗಾಲದಲ್ಲಿ ಇದರ ಜೋರು ಜಾಸ್ತಿ. ಲಿಸ್ಬನ್‌ಗೆ ಹೋಗುವಾಗ ಎದುರು ಗಾಳಿ, ಫ್ರಾಂಕ್‌ಫರ್ಟ್‌ಗೆ ಬರುವಾಗ ಬೆನ್ನಿಗೆ ಗಾಳಿ. ದಾರಿ ಓರೆಯಾಗಿ ನೈಋತ್ಯಕ್ಕೆ ಇರುವುದರಿಂದ ಗಾಳಿಯ ಪೂರ್ತಿ ಬಲ ತಾಗುವುದಿಲ್ಲ. ಹಾಗಾಗಿ ಸಾಮಾನ್ಯ ದಿನಕ್ಕೆ ನಾನು 60 ಕಿಲೋಮೀಟರ್ ಹಿಡಿಯುತ್ತೇನೆ. ಇದು ನನ್ನ ಅಂದಾಜು. ಗಾಳಿ ದಿನಕ್ಕೊಂದು ಥರ.

ಹೋಗುವಾಗ ವೇಗ 770. 1,950 ಭಾಗಿಸು 770, ಅಂದರೆ 2 ಗಂಟೆ 32 ನಿಮಿಷ. ಬರುವಾಗ ವೇಗ 890. ಲೆಕ್ಕ 2 ಗಂಟೆ 11 ನಿಮಿಷಕ್ಕೆ ಬರುತ್ತದೆ.

ಇದಕ್ಕೆ ಇನ್ನು 35 ನಿಮಿಷ ಸೇರಿಸಿ. ಏರುವಾಗ, ಇಳಿಯುವಾಗ ವಿಮಾನ ನಿಧಾನ. ನೆಲದ ಮೇಲೂ ಅದು ನಮ್ಮ ಬಸ್ಸಿನ ಹಾಗೆ ತೆವಳುತ್ತದೆ. ಫ್ರಾಂಕ್‌ಫರ್ಟ್‌ನಲ್ಲಿ 2011ರಲ್ಲಿ ಶುರುವಾದ ವಾಯವ್ಯ ರನ್‌ವೇ ಇದೆ. ಅಲ್ಲಿ ಇಳಿದರೆ ಟರ್ಮಿನಲ್‌ಗೆ ಬರಲು ವಿಮಾನವೇ ಹೆದ್ದಾರಿಯ ಮೇಲಿನ ಸೇತುವೆ ದಾಟಿ ಬರಬೇಕು. ಕೆಳಗೆ ಕಾರುಗಳು ಓಡುತ್ತಿರುತ್ತವೆ. ನೋಡಲು ಚೆಂದ, ಅವಸರದಲ್ಲಿ ಇರುವವರಿಗೆ ಮಾತ್ರ ಅಲ್ಲ.

ಒಟ್ಟು ಹೋಗುವುದಕ್ಕೆ 3 ಗಂಟೆ 7 ನಿಮಿಷ, ಬರುವುದಕ್ಕೆ 2 ಗಂಟೆ 46 ನಿಮಿಷ. ಗೇಟಿನಿಂದ ಹಿಂದೆ ಸರಿದಾಗಿನಿಂದ ಇನ್ನೊಂದು ಗೇಟಿನಲ್ಲಿ ನಿಲ್ಲುವವರೆಗಿನ ಈ ಹೊತ್ತಿಗೆ ವಿಮಾನದವರು ಬ್ಲಾಕ್ ಟೈಮ್ ಅನ್ನುತ್ತಾರೆ. ಟಿಕೆಟ್‌ನಲ್ಲಿ ಬರೆಯುವುದು ಇದನ್ನೇ. ಅದಕ್ಕೇ ಟಿಕೆಟ್ ಮೂರು ಗಂಟೆ ಅಂದರೂ ಪೈಲಟ್ ಮೈಕಿನಲ್ಲಿ ಎರಡೂವರೆ ಗಂಟೆ ಅನ್ನುವುದು. ಅವರು ಹೇಳುವುದು ಹಾರುವ ಹೊತ್ತು ಮಾತ್ರ.

ವೇಳಾಪಟ್ಟಿ ಮಾಡುವವರು ತಮ್ಮ ಕಡೆಯಿಂದ ಇನ್ನೂ ಹತ್ತು ನಿಮಿಷ ಸೇರಿಸಿರುತ್ತಾರೆ ಅಂದುಕೊಳ್ಳಿ. ತಡವಾಗಿ ಹೊರಟರೂ "ಸರಿಯಾದ ಹೊತ್ತಿಗೆ ತಲುಪಿದ್ದೇವೆ" ಅನ್ನಬಹುದಲ್ಲ! ನಿಜ ಎಷ್ಟು ಅಂತ ನೋಡಲು ಫ್ಲೈಟ್‌ರೇಡಾರ್24ರಲ್ಲಿ ನಿಮ್ಮ ವಿಮಾನದ ನಂಬರ್ ಹಾಕಿ, ಹಿಂದಿನ ಕೆಲವು ದಿನ ಎಷ್ಟು ಹೊತ್ತು ಹಾರಿದೆ ನೋಡಿ. ನನ್ನ ಲೆಕ್ಕ, ಟಿಕೆಟ್‌ನ ಲೆಕ್ಕ ಎರಡಕ್ಕಿಂತ ಅದನ್ನು ನಂಬಿ.

ತೀರಾ ಹತ್ತಿರದ ಊರುಗಳಿಗೆ ಈ 35 ನಿಮಿಷದ ಸೂತ್ರ ಹಿಡಿಯಬೇಡಿ. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೆ, ಪಾಪಾ ವೆಸ್ಟ್ರೆ ಅಂತ ಎರಡು ನಿಲ್ದಾಣಗಳಿವೆ. ನಡುವೆ 2.7 ಕಿಲೋಮೀಟರ್. ಸಣ್ಣ ವಿಮಾನದಲ್ಲಿ ವೇಳಾಪಟ್ಟಿಯ ಹೊತ್ತು ಎರಡು ನಿಮಿಷ. ಗಾಳಿ ಕೂಡಿಬಂದರೆ ಒಂದು ನಿಮಿಷದೊಳಗೂ ಮುಗಿದಿದೆ.

ಗಡಿಯಾರ ಮಾಡುವ ಮೋಸ

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು. ಪೋರ್ಚುಗಲ್ ಗಡಿಯಾರ ಜರ್ಮನಿಗಿಂತ ಒಂದು ಗಂಟೆ ಹಿಂದೆ. ಹೋಗುವಾಗ ಒಂದು ಗಂಟೆ ಲಾಭ ಸಿಕ್ಕಂತೆ ಕಾಣುತ್ತದೆ, ಬರುವಾಗ ಅದನ್ನು ವಾಪಸ್ ಕಿತ್ತುಕೊಳ್ಳುತ್ತಾರೆ.

ಇದಕ್ಕೆ ನಮ್ಮವರಿಗೆ ಒಂದು ಸುಲಭ ಉಪಾಯ ಇದೆ. ಎರಡೂ ಹೊತ್ತನ್ನು ಭಾರತದ ಸಮಯಕ್ಕೆ ತಿರುಗಿಸಿ. ಬೇಸಿಗೆಯಲ್ಲಿ ಫ್ರಾಂಕ್‌ಫರ್ಟ್‌ಗೆ ಮೂರೂವರೆ ಗಂಟೆ, ಲಿಸ್ಬನ್‌ಗೆ ನಾಲ್ಕೂವರೆ ಗಂಟೆ ಸೇರಿಸಬೇಕು. 13:00 ಆಗ 16:30 ಆಗುತ್ತದೆ, 15:05 ಆಗ 19:35. ನಡುವೆ 3 ಗಂಟೆ 5 ನಿಮಿಷ. ಬರುವಾಗ 13:00 ಅಂದರೆ 17:30, 16:55 ಅಂದರೆ 20:25. ನಡುವೆ 2 ಗಂಟೆ 55 ನಿಮಿಷ. ನಾವು ಹಾಕಿದ ಅಂದಾಜಿಗೂ ಇದು ಹೊಂದುತ್ತದೆ. ಊರಲ್ಲಿ ಅಮ್ಮ "ಎಷ್ಟೊತ್ತಿಗೆ ಇಳೀತೀಯಾ, ಫೋನ್ ಮಾಡು" ಅಂದರೆ ಅದಕ್ಕೂ ಉತ್ತರ ಸಿಕ್ಕಿತು.

ಚಳಿಗಾಲದಲ್ಲಿ ಎರಡಕ್ಕೂ ಇನ್ನೊಂದು ಗಂಟೆ ಜಾಸ್ತಿ, ನಾಲ್ಕೂವರೆ ಮತ್ತು ಐದೂವರೆ. ಯೂರೋಪಿಯನ್ ಒಕ್ಕೂಟದ ದೇಶಗಳು ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಮುಂದೆ ಹಾಕಿ, ಅಕ್ಟೋಬರ್ ಕೊನೆಯ ಭಾನುವಾರ ಹಿಂದೆ ಹಾಕುತ್ತವೆ. ಎಲ್ಲರೂ ಒಂದೇ ಗಳಿಗೆಯಲ್ಲಿ ಹಾಕುವುದರಿಂದ ಫ್ರಾಂಕ್‌ಫರ್ಟ್–ಲಿಸ್ಬನ್ ವ್ಯತ್ಯಾಸ ವರ್ಷವಿಡೀ ಒಂದು ಗಂಟೆಯೇ. ಟರ್ಕಿ ಮತ್ತು ಐಸ್‌ಲ್ಯಾಂಡ್ ಹಾಗಲ್ಲ, ಅವು ಗಡಿಯಾರ ಮುಟ್ಟುವುದಿಲ್ಲ. ಫ್ರಾಂಕ್‌ಫರ್ಟ್‌ನಿಂದ ಇಸ್ತಾಂಬುಲ್ ಬೇಸಿಗೆಯಲ್ಲಿ ಒಂದು ಗಂಟೆ ಮುಂದೆ, ಚಳಿಗಾಲದಲ್ಲಿ ಎರಡು ಗಂಟೆ. ಸ್ಪೇನ್ ಭೂಪಟದಲ್ಲಿ ಪೋರ್ಚುಗಲ್ ಪಕ್ಕದಲ್ಲೇ ಇದ್ದರೂ ಅದರ ಗಡಿಯಾರ ಜರ್ಮನಿಯದು. ಪೋರ್ಚುಗಲ್ ಕೂಡ 1992ರಿಂದ 1996ರವರೆಗೆ ಜರ್ಮನಿಯ ಗಡಿಯಾರ ಇಟ್ಟುಕೊಂಡು ನೋಡಿ, ಆಮೇಲೆ ಬಿಟ್ಟುಬಿಟ್ಟಿತು.

ಬಾಗಿಲಿಂದ ಬಾಗಿಲಿಗೆ

ನಿಜವಾಗಿ ಬೇಕಾದ್ದು ಇದು. ಫ್ರಾಂಕ್‌ಫರ್ಟ್ ಮುಖ್ಯ ರೈಲು ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ ಲೋಕಲ್ ರೈಲು ಕಾಲು ಗಂಟೆ. ಮನೆಯಿಂದ ರೈಲಿಗೆ ಹೋಗುವುದು, ಕಾಯುವುದು ಸೇರಿ 45 ನಿಮಿಷ ಇಟ್ಟುಕೊಳ್ಳಿ. ವಿಮಾನ ಹೊರಡುವ ಎರಡು ಗಂಟೆ ಮೊದಲು ಅಲ್ಲಿರಬೇಕು. ಹಾರಾಟ 3 ಗಂಟೆ 5 ನಿಮಿಷ. ಲಿಸ್ಬನ್ ನಿಲ್ದಾಣ ಊರೊಳಗೇ ಇದೆ. 2012ರಿಂದ ಮೆಟ್ರೋದ ಕೆಂಪು ಮಾರ್ಗ ಅಲ್ಲಿಂದಲೇ ಶುರು. ಲಗೇಜಿಗೆ ಅರ್ಧ ಗಂಟೆ, ಮೆಟ್ರೋಗೆ ಅರ್ಧ ಗಂಟೆ. ಒಟ್ಟು ಸುಮಾರು ಏಳು ಗಂಟೆ. ಮೂರು ಗಂಟೆಯ ಪ್ರಯಾಣಕ್ಕೆ ಏಳು ಗಂಟೆ!

ಆದರೂ ಇಲ್ಲಿ ವಿಮಾನವೇ ಸರಿ. ರಸ್ತೆಯಲ್ಲಿ 2,300 ಕಿಲೋಮೀಟರ್ ಆಸುಪಾಸು. ಮ್ಯಾಡ್ರಿಡ್–ಲಿಸ್ಬನ್ ನಡುವಿನ ರಾತ್ರಿ ರೈಲು 2020ರಲ್ಲಿ ನಿಂತುಹೋಯಿತು. ಅದೇ ಫ್ರಾಂಕ್‌ಫರ್ಟ್–ಪ್ಯಾರಿಸ್ ಆದರೆ ನಾನು ವಿಮಾನ ಹತ್ತುವುದಿಲ್ಲ. ಹಾರಾಟ ಒಂದೂಕಾಲು ಗಂಟೆಯೇ ಇರಬಹುದು. ಮೇಲಿನ ಹಾಗೆ ಕೂಡುತ್ತಾ ಹೋದರೆ ಐದು ಗಂಟೆಯಾಗುತ್ತದೆ. ವೇಗದ ರೈಲು ನಾಲ್ಕು ಗಂಟೆಯ ಒಳಗೆ–ಹೊರಗೆ ಊರ ನಡುವಿನಿಂದ ಊರ ನಡುವಿಗೆ ಮುಟ್ಟಿಸುತ್ತದೆ.

ಬೆಂಗಳೂರಿನಿಂದ ಬಂದು ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸುವವರಿಗೆ ಒಂದು ಮಾತು. ಲಿಸ್ಬನ್‌ಗೆ ಹೋಗುವವರಾದರೂ ಇಮಿಗ್ರೇಷನ್ ಆಗುವುದು ಫ್ರಾಂಕ್‌ಫರ್ಟ್‌ನಲ್ಲೇ, ಷೆಂಗೆನ್ ಪ್ರದೇಶಕ್ಕೆ (ಅಂದರೆ ಒಳಗೆ ಗಡಿ ತಪಾಸಣೆ ಇಲ್ಲದೆ ಓಡಾಡಬಹುದಾದ ಯೂರೋಪಿನ ದೇಶಗಳ ಗುಂಪಿಗೆ) ಕಾಲಿಡುವುದು ಅಲ್ಲೇ ಆದ್ದರಿಂದ. 2025ರ ಅಕ್ಟೋಬರ್ 12ರಿಂದ ಬೆರಳಚ್ಚು ಮತ್ತು ಮುಖದ ಫೋಟೋ ತೆಗೆದುಕೊಳ್ಳುವ ಹೊಸ ಪದ್ಧತಿ ಶುರುವಾಗಿದೆ. ಮೊದಲ ಸಲ ಬರುವವರಿಗೆ ಹೊತ್ತು ಹಿಡಿಯುತ್ತದೆ. ಟಿಕೆಟ್ ಮಾರುವ ತಾಣ ಒಂದು ಗಂಟೆಯ ಕನೆಕ್ಷನ್ ತೋರಿಸಿದರೂ ನಾನಂತೂ ಎರಡೂವರೆ ಗಂಟೆ ಇರುವುದನ್ನೇ ತೆಗೆದುಕೊಳ್ಳುತ್ತೇನೆ. ರಾತ್ರಿ 11ರಿಂದ ಬೆಳಗಿನ 5ರವರೆಗೆ ಫ್ರಾಂಕ್‌ಫರ್ಟ್‌ನಲ್ಲಿ ಹಾರಾಟಕ್ಕೆ ನಿಷೇಧ ಇದೆ. ಕೊನೆಯ ವಿಮಾನ ತಪ್ಪಿದರೆ ರಾತ್ರಿ ಅಲ್ಲೇ ಕಳೆಯಬೇಕು.

ಕಿಲೋಮೀಟರಿಗೆ ದುಡ್ಡಿನ ಲೆಕ್ಕವೂ ಇದೆ

ದೂರ ತಿಳಿದು ಏನಾಗಬೇಕು ಅನ್ನುವವರಿಗೆ ಇದು. ಯೂರೋಪಿಯನ್ ಒಕ್ಕೂಟದ 261/2004 ನಿಯಮದಲ್ಲಿ ವಿಮಾನ ರದ್ದಾದರೆ, ಅಥವಾ ಮೂರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ತಡವಾಗಿ ತಲುಪಿದರೆ ಪರಿಹಾರ ಇದೆ. ಅದು ದೂರದ ಮೇಲೆ ನಿಂತಿದೆ. 1,500 ಕಿಲೋಮೀಟರ್‌ವರೆಗೆ 250 ಯೂರೋ. ಒಕ್ಕೂಟದ ಒಳಗೇ ಅದಕ್ಕಿಂತ ದೂರವಾದರೆ 400 ಯೂರೋ. ಕೆಟ್ಟ ಹವೆಯಂಥ, ಕಂಪನಿಯ ಕೈಮೀರಿದ ಕಾರಣ ಇದ್ದರೆ ಸಿಗುವುದಿಲ್ಲ. ಈ ನಿಯಮ ಬದಲಿಸುವ ಚರ್ಚೆ ಒಕ್ಕೂಟದಲ್ಲಿ ನಡೆದಿದೆ. ಅರ್ಜಿ ಹಾಕುವ ಮೊದಲು ಆ ದಿನ ಜಾರಿಯಲ್ಲಿರುವುದು ಯಾವುದು ಅಂತ ನೋಡಿಕೊಳ್ಳಿ.

ಫ್ರಾಂಕ್‌ಫರ್ಟ್–ಮ್ಯಾಡ್ರಿಡ್ ಸುಮಾರು 1,420 ಕಿಲೋಮೀಟರ್, ಹಾಗಾಗಿ 250. ಲಿಸ್ಬನ್ 1,875, ಹಾಗಾಗಿ 400. ಅಳೆಯುವುದು ದಾರದ ದೂರವನ್ನೇ, ವಿಮಾನ ಎಷ್ಟು ಬಳಸಿದರೂ ಲೆಕ್ಕಕ್ಕಿಲ್ಲ. ನಡುವೆ ವಿಮಾನ ಬದಲಿಸಿದರೂ ಮೊದಲ ಊರಿನಿಂದ ಕೊನೆಯ ಊರಿಗೆ ನೇರ ದಾರ. 2017ರಲ್ಲಿ ಒಕ್ಕೂಟದ ನ್ಯಾಯಾಲಯದಲ್ಲಿ ಇದೇ ಜಗಳ. ರೋಮ್‌ನಿಂದ ಬ್ರಸೆಲ್ಸ್ ಮೇಲೆ ಹ್ಯಾಂಬರ್ಗ್‌ಗೆ ಹೋದವರು ಎರಡು ಹಾರಾಟ ಕೂಡಿಸಿ 1,656 ಕಿಲೋಮೀಟರ್ ಅಂದರು. ನ್ಯಾಯಾಲಯ ನೇರ ದೂರ 1,326 ಅಂದಿತು. ಕೈಗೆ ಬಂದದ್ದು 250.

ತಲುಪಿದ ಹೊತ್ತು ಅಂದರೆ ಯಾವುದು ಅಂತಲೂ ಅಲ್ಲೇ ತೀರ್ಮಾನವಾಗಿದೆ. 2014ರಲ್ಲಿ ತೀರ್ಪು ಬಂದ ಪ್ರಕರಣದಲ್ಲಿ ಸಾಲ್ಜ್‌ಬರ್ಗ್‌ನಿಂದ ಹೊರಟ ವಿಮಾನ ಕೊಲೋನ್‌ನಲ್ಲಿ ನೆಲ ಮುಟ್ಟಿದ್ದು 2 ಗಂಟೆ 58 ನಿಮಿಷ ತಡವಾಗಿ, ಗೇಟಿನ ಹತ್ತಿರ ನಿಂತಾಗ 3 ಗಂಟೆ 3 ನಿಮಿಷ. ಲೆಕ್ಕಕ್ಕೆ ಬರುವುದು ಒಂದು ಬಾಗಿಲಾದರೂ ತೆರೆದ ಹೊತ್ತು ಅಂತ ನ್ಯಾಯಾಲಯ ಹೇಳಿತು. ಆದ್ದರಿಂದ ವಿಮಾನ ಮೂರು ಗಂಟೆಯ ಆಸುಪಾಸಿನಲ್ಲಿ ತಡವಾದರೆ, ಚಕ್ರ ನೆಲ ಮುಟ್ಟಿದಾಗ ಫೋನ್ ತೆಗೆಯಬೇಡಿ. ಬಾಗಿಲು ತೆರೆದ ಕೂಡಲೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಹೊತ್ತು ತಾನಾಗಿಯೇ ಅದರಲ್ಲಿ ದಾಖಲಾಗಿರುತ್ತದೆ.